ಇಳಿತದಲ್ಲಿ ನಿಂತ ದೋಣಿ

ಮೊನ್ನೆ ಹುಬ್ಬಳ್ಳಿಯಿಂದ ನವಲಗುಂದಕ್ಕೆ ಬರುವ ಸಂಜೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟಿಗೆ ಒಬ್ಬ ಹೆಂಗಸು ಬಂದು ಕುಳಿತಳು. ಕಾಲ ಬಳಿ ಒಂದು ಚೀಲ ಇಟ್ಟುಕೊಂಡಿದ್ದಳು. ಚೀಲದ ಬಾಯಿಗೆ ಎರಡು ಸುತ್ತು ಹಗ್ಗ ಬಿಗಿದಿದ್ದರೂ ಬಸ್ಸು ಕುಸುಗಲ್ಲು ದಾಟುವ ಹೊತ್ತಿಗೆ ಅದರಲ್ಲಿ ಒಣಮೀನು ಇದೆಯೆಂಬುದು ಹಿಂದಿನ ಸೀಟಿನವರೆಗೂ ತಿಳಿದುಹೋಗಿತ್ತು. ಒಬ್ಬರು ಟವೆಲ್ಲು ಮೂಗಿಗೆ ಹಿಡಿದರು, ಇನ್ನೊಬ್ಬರು ಕಿಟಕಿ ತೆರೆದರು. ಕಂಡಕ್ಟರ್ ಬಂದು ನಿಂತ.

"ಯವ್ವಾ, ಚೀಲದಾಗ ಏನೈತಿ?"

"ಸಾಮಾನ್ರಿ."

"ಎಂಥಾ ಸಾಮಾನಬೇ? ಇಡೀ ಬಸ್ಸಿಗೆ ಗೊತ್ತಾಗೇತಿ."

"ಗೊತ್ತಾಗೇತಿ ಅಂದಮ್ಯಾಲ ಮತ್ತ ಯಾಕ ಕೇಳ್ತೀರಿ?"

ಬಸ್ಸೆಲ್ಲ ನಕ್ಕಿತು, ಕಂಡಕ್ಟರ್ ಒಬ್ಬನನ್ನು ಬಿಟ್ಟು. ಕೊನೆಗೆ ಚೀಲವನ್ನು ಹಿಂದಿನ ಡಿಕ್ಕಿಗೆ ಹಾಕುವುದೆಂದು ತೀರ್ಮಾನವಾಗಿ ಬಸ್ಸನ್ನು ರಸ್ತೆಯ ಪಕ್ಕಕ್ಕೆ ನಿಲ್ಲಿಸಿದರು. ಡಿಕ್ಕಿಯ ಬಾಗಿಲು ತೆರೆಯಲಿಲ್ಲ. ಡ್ರೈವರ್ ಇಳಿದು ಅದನ್ನು ಒದ್ದ. ತೆರೆದ ಮೇಲೆ ಮುಚ್ಚಲಿಲ್ಲ. ಅದನ್ನು ಹಗ್ಗದಿಂದ ಕಟ್ಟಬೇಕಾಯಿತು. ಇದೆಲ್ಲ ಮುಗಿಯುವಷ್ಟರಲ್ಲಿ ಹೊಲಗಳ ಮೇಲೆ ಬೆಳಕು ತಗ್ಗತೊಡಗಿತ್ತು.

ನಾನು ಮಾತ್ರ ಮೂಗು ಮುಚ್ಚಿಕೊಂಡಿರಲಿಲ್ಲ. ಮುಚ್ಚದೆ ಇದ್ದದ್ದಷ್ಟೇ ಅಲ್ಲ, ಆ ವಾಸನೆಯನ್ನು ಸ್ವಲ್ಪ ಹೆಚ್ಚಾಗಿಯೇ ಒಳಗೆಳೆದುಕೊಳ್ಳುತ್ತಿದ್ದೆ ಎಂದು ನನಗೇ ತಡವಾಗಿ ಗೊತ್ತಾಯಿತು. ನೀವು ನಗಬಹುದು. ನಮ್ಮದು ಲಿಂಗ ಕಟ್ಟಿದ ಮನೆ. ಮೀನನ್ನು ತಿನ್ನುವುದಿರಲಿ, ಅದರ ಹೆಸರನ್ನು ಅಡಿಗೆಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆದರೆ ಉಪ್ಪು, ಬಿಸಿಲು, ಒಣಗಿದ ಕೆಸರು ಮೂರೂ ಸೇರಿದಂಥ ಆ ವಾಸನೆಯೊಳಗೆ ನನ್ನ ಒಂದು ಇಡೀ ದಿನ ಇದೆ. ಅಂದು ನಾನು ಮೊದಲ ಬಾರಿ ದೋಣಿ ಹತ್ತಿದ್ದೆ, ಮತ್ತು ನನ್ನ ಗೆಳತಿ ರೇಣುಕಾ ಒಂದು ತೀರ್ಮಾನ ಮಾಡಿದ್ದಳು. ದೋಣಿ ಹತ್ತಿದ್ದು ಹೇಗೆಂದು ನನಗೆ ಚೆನ್ನಾಗಿ ನೆನಪಿದೆ. ಅವಳು ತೀರ್ಮಾನ ಮಾಡಿದ್ದು ಹೇಗೆಂಬುದು ಮಾತ್ರ ಬಹಳ ವರ್ಷ ನನಗೆ ತಿಳಿಯಲೇ ಇಲ್ಲ.

ಧಾರವಾಡದ ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಕೋಣೆಯವರು. ನಾನು ನವಲಗುಂದದ ಕಡೆಯವಳು. ರೇಣುಕಾ ಅಣ್ಣಿಗೇರಿ ಹತ್ತಿರದ ಹಳ್ಳಿಯವಳು. ಶೈಲಾ ಕಲಘಟಗಿ ತಾಲೂಕಿನ ದೇವಿಕೊಪ್ಪದವಳು. ನಯನಾ ಒಬ್ಬಳೇ ಹೊರಗಿನವಳು, ಕುಮಟಾ ಕಡೆ ಅಘನಾಶಿನಿ ನದಿ ಸಮುದ್ರ ಸೇರುವ ದಂಡೆಯವಳು. ಅವರ ಮನೆಯ ಹಿಂದೆ ನೀರು, ನೀರಿನ ಆಚೆ ಅವರ ಗದ್ದೆ, ಗದ್ದೆಗೆ ಹೋಗಲು ಮನೆಯದೇ ದೋಣಿ. ನಾವು ಸೈಕಲ್ ಕಲಿತ ವಯಸ್ಸಿನಲ್ಲಿ ಅವಳು ದೋಣಿ ಕಲಿತಿದ್ದಳು. ಹಾಸ್ಟೆಲಿನ ನಲ್ಲಿಯ ಕೆಳಗೆ ಬಕೆಟ್ ಇಟ್ಟು ಕಾಯುವಾಗೆಲ್ಲ, "ಇದ್ಕೂ ನೀರು ಅಂತ್ರಾ ನೀವು?" ಎಂದು ಕೇಳುತ್ತಿದ್ದಳು.

ನಮ್ಮ ಕಡೆಯ ನೀರಿನ ಬಗ್ಗೆ ಇಲ್ಲಿ ಒಂದು ಮಾತು ಹೇಳದಿದ್ದರೆ ಮುಂದಿನದು ನಿಮಗೆ ವಿಚಿತ್ರವಾಗಿ ಕಂಡೀತು. ನಮ್ಮೂರಿನಲ್ಲಿ ಬೋರು ಕೊರೆದರೆ ಬರುವುದು ಸವುಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ದನಗಳೂ ಮುಖ ತಿರುಗಿಸುತ್ತವೆ. ಕುಡಿಯುವುದಕ್ಕೆ ಕೆರೆಯೊಂದೇ. ವರ್ಷಕ್ಕೆ ಕೆಲವು ಸಲ ಕಾಲುವೆಯಿಂದ ಅದಕ್ಕೆ ನೀರು ಬಿಡುತ್ತಾರೆ, ಊರು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತದೆ. ಕೆರೆಗೆ ಇಳಿಯುವ ಹಾಗಿಲ್ಲ, ಕೈಕಾಲು ತೊಳೆಯುವ ಹಾಗಿಲ್ಲ, ಅದರ ಮೆಟ್ಟಿಲಿಗೆ ಚಪ್ಪಲಿ ತಾಗುವ ಹಾಗಿಲ್ಲ. ನೀರು ಎಂದರೆ ನಮಗೆ ದೂರದಿಂದ ನೋಡಿ, ಬರಿಗಾಲಲ್ಲಿ ಹತ್ತಿರ ಹೋಗಿ, ಅರಿವೆಯಲ್ಲಿ ಸೋಸಿ, ತುಂಬಿಕೊಂಡು ಬರುವ ವಸ್ತು. ಅದರಲ್ಲಿ ಆಡಿದವರು ನಮ್ಮಲ್ಲಿ ಯಾರೂ ಇಲ್ಲ. ಆದ್ದರಿಂದ ಈಜು ಬಲ್ಲವರೂ ಇಲ್ಲ.

ಓದು ಮುಗಿದು ಕೆಲವು ವರ್ಷ ಆದ ಮೇಲೆ ರೇಣುಕಾಗೆ ಶಿಕ್ಷಕಿಯ ಕೆಲಸ ಸಿಕ್ಕಿತು. ಹುದ್ದೆ ಹೆಚ್ಚಿವೆ ಎಂದು ಅವಳು ಉತ್ತರ ಕನ್ನಡ ಜಿಲ್ಲೆಗೆ ಅರ್ಜಿ ಹಾಕಿದ್ದಳು. ಹುದ್ದೆ ಬಂದದ್ದು ಅಘನಾಶಿನಿಯ ನಡುವಿನ ಒಂದು ಕುರ್ವೆಗೆ. ಸುತ್ತಲೂ ನೀರಿರುವ ತುಂಡು ನೆಲಕ್ಕೆ ಆ ಕಡೆ ಕುರ್ವೆ ಎನ್ನುತ್ತಾರೆ. ಶಾಲೆಗೆ ಹೋಗಬೇಕಾದರೆ ದಿನಾ ದೋಣಿ ಹತ್ತಬೇಕು, ಇಲ್ಲವೇ ಅಲ್ಲಿಯೇ ಇರಬೇಕು. ಬರುವ ಬುಧವಾರದೊಳಗೆ ಹಾಜರಾಗಬೇಕು, ಇಲ್ಲವಾದರೆ ಕೆಲಸ ಕೈಬಿಟ್ಟ ಹಾಗೆ. ರೇಣುಕಾ ಹಾಗೆ ಕೈಬಿಟ್ಟರೆ ಮುಂದೆ ಇನ್ನೊಂದು ಸಿಗುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ, ಅವಳಿಗಂತೂ ಇರಲೇ ಇಲ್ಲ. ಮನೆಯಲ್ಲಿ ಅವಳ ಅಣ್ಣ ಒಂದೇ ಮಾತು ಹೇಳಿದ್ದ: "ಹೋಗಿ ನೋಡ್ಕೊಂಡ ಬಾ. ನೀರ ಕಂಡಕೂಡಲೆ ನೀನ ಬ್ಯಾಡ ಅಂತಿ."

ನಾನೂ ಒಳಗೊಳಗೆ ಹಾಗೆಯೇ ಅಂದುಕೊಂಡಿದ್ದೆ. ರೇಣುಕಾಳ ಅಂಜಿಕೆ ನಮಗೆಲ್ಲ ಪರಿಚಿತ. ಅಂಜಿಕೆಗಿಂತ ಹೆಚ್ಚು ಪರಿಚಿತವಾದದ್ದು ಅವಳ "ತಪ್ಪಾತು". ಹಾಲು ಉಕ್ಕಿದರೆ ಒಲೆಯ ಹತ್ತಿರ ನಿಂತವರು ಯಾರೇ ಇರಲಿ, ಮೊದಲು "ತಪ್ಪಾತು" ಎನ್ನುವವಳು ಅವಳು. ಬಸ್ಸು ತಡವಾದರೂ "ತಪ್ಪಾತು", ಕರೆಂಟು ಹೋದರೂ "ತಪ್ಪಾತು". ಒಮ್ಮೆ ಶೈಲಾಳಿಗೆ ಜ್ವರ ಬಂದಾಗಲೂ ಹಾಗೆಯೇ ಅಂದಳು. "ಜ್ವರಾ ನೀ ಕಳಿಸಿದ್ದೇನಲೇ?" ಎಂದು ಶೈಲಾ ಹೊದಿಕೆಯೊಳಗಿಂದ ಕೇಳಿದ್ದು ಇನ್ನೂ ಕಿವಿಯಲ್ಲಿದೆ. ನಾವು ಅದನ್ನು ತಮಾಷೆ ಮಾಡುತ್ತಿದ್ದೆವು. ಅದು ಎಲ್ಲಿಂದ ಬಂತು ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳದೆ ಇರುವುದು ನನ್ನ ಸ್ವಭಾವ. ಇತರರ ಮನೆಯ ಬಾಗಿಲು ಎಷ್ಟು ತೆರೆದಿದೆಯೋ ಅಷ್ಟೇ ನೋಡಬೇಕು ಎಂದು ನಂಬಿದವಳು ನಾನು. ಗಿಡ, ಕಲ್ಲು, ಯಂತ್ರ, ಊರಿನ ಹೆಸರು ಇವುಗಳ ಬಗ್ಗೆ ಎಷ್ಟು ಬೇಕಾದರೂ ಕೇಳುತ್ತೇನೆ. ಮನುಷ್ಯರ ಹತ್ತಿರ ಬಂದರೆ ಬಾಯಿ ಕಟ್ಟುತ್ತದೆ.

ಹೀಗೆ ಆ ಬುಧವಾರಕ್ಕೆ ಮುಂಚಿನ ಶನಿವಾರ ನಾವು ಮೂವರು ನಯನಾಳ ಮನೆಗೆ ಹೋದೆವು. ಮರುದಿನ ಮುಂಜಾನೆ ಅವಳೇ ದೋಣಿ ನಡೆಸಿ ಕುರ್ವೆ ತೋರಿಸುವುದು, ರೇಣುಕಾ ನೋಡಿ ತೀರ್ಮಾನ ಮಾಡುವುದು ಎಂದು ಮಾತಾಗಿತ್ತು.

ಮನೆಯ ಹಿಂದಿನ ಕಲ್ಲುಮೆಟ್ಟಿಲ ತುದಿಯಲ್ಲಿ ದೋಣಿ ಕಟ್ಟಿತ್ತು. ಬಿಳಿಯ ಫೈಬರಿನ ದೋಣಿ, ಅಂಚಿಗೆ ಹೊಸ ನೀಲಿ ಬಣ್ಣ, ಹಿಂದೆ ಸಣ್ಣದೊಂದು ಎಂಜಿನ್. ನಯನಾ ಮೊದಲು ಹಾರಿ ಹಗ್ಗ ಬಿಚ್ಚತೊಡಗಿದಳು. ಶೈಲಾ, "ದೇವಿಕೊಪ್ಪದಾಗ ಕೆರಿ ಅದಾವ, ನೀರಂದ್ರ ನನಗೇನ ಹೊಸಾದಲ್ಲ," ಎಂದು ಹೇಳುತ್ತಲೇ ಎರಡೂ ಕೈಯಲ್ಲಿ ನನ್ನ ಹೆಗಲು ಹಿಡಿದು ಹತ್ತಿದಳು. ರೇಣುಕಾ ಕಣ್ಣು ಮುಚ್ಚಿ ಹತ್ತಿದಳು. ದೋಣಿ ಸ್ವಲ್ಪ ದೂರ ಬಂದ ಮೇಲೆ ನಯನಾ ನಮ್ಮ ಕಾಲು ನೋಡಿದಳು.

"ಚಪ್ಲಿ ಎಲ್ಲಿ?"

ನಾವು ಮೂವರೂ ದಂಡೆಯ ಕಡೆ ತಿರುಗಿದೆವು. ಕೊನೆಯ ಮೆಟ್ಟಿಲ ಮೇಲೆ ಮೂರು ಜೊತೆ ಚಪ್ಪಲಿಗಳು ಒಂದರ ಪಕ್ಕ ಒಂದು ಸಾಲಾಗಿ ಕುಳಿತಿದ್ದವು.

"ನೀರಿಗೆ ಬರೂದಿತ್ತಲ್ಲ," ಎಂದಳು ರೇಣುಕಾ.

"ಅದ್ಕೆ?"

"ಅದಕ್ಕ ಬಿಟ್ಟ ಬಂದ್ವಿ."

ನಯನಾಗೆ ಅರ್ಥವಾಗಲಿಲ್ಲ. ನಮಗೆ ಅದರಲ್ಲಿ ಅರ್ಥವಾಗದೆ ಇರುವಂಥದ್ದು ಏನಿದೆ ಎಂದು ಅರ್ಥವಾಗಲಿಲ್ಲ. ಯಾರೂ ಯಾರಿಗೂ ಹೇಳದೆ ಮೂವರೂ ಒಂದೇ ಕೆಲಸ ಮಾಡಿದ್ದೆವು. "ಸಮುದ್ರದ ನೀರು ಮಾರಾಯ್ತಿ, ಯಾರೂ ಕುಡೂದಿಲ್ಲ," ಎಂದು ನಯನಾ ನಕ್ಕಳು. ರೇಣುಕಾ, "ತಪ್ಪಾತು," ಎಂದಳು.

ನೀರಿನ ಮೇಲೆ ಹೋಗುವುದು ಹೇಗಿರುತ್ತದೆ ಎಂದು ನಾನು ಬಹಳ ಊಹಿಸಿದ್ದೆ. ಊಹೆ ಎಲ್ಲವೂ ತಪ್ಪಾಗಿತ್ತು. ನಾವು ಮುಂದೆ ಹೋಗುತ್ತಿದ್ದೇವೆ ಅನಿಸುವುದೇ ಇಲ್ಲ, ದಂಡೆಯೇ ನಿಧಾನವಾಗಿ ಜಾಗ ಬದಲಿಸುತ್ತದೆ. ತೆಂಗಿನ ಸಾಲೊಂದು ಬಂದು ನಮ್ಮನ್ನು ನೋಡಿ ಹೋಯಿತು. ಆಮೇಲೆ ಕಾಂಡ್ಲಾ ಗಿಡಗಳು ಬಂದವು. ಬೇರುಗಳನ್ನು ನೆಲದೊಳಗೆ ಇಡುವ ಬದಲು ಮೇಲೆತ್ತಿಕೊಂಡು, ನಿರಿಗೆ ಎತ್ತಿ ಹಳ್ಳ ದಾಟುವ ಹೆಂಗಸರಂತೆ ಅವು ನೀರಿನಲ್ಲಿ ನಿಂತಿದ್ದವು. ನಾನು ಕೇಳುತ್ತಲೇ ಹೋದೆ. ಆ ಬಿಳಿ ಹಕ್ಕಿ ಯಾವುದು, ಆ ಬಿದಿರ ಗಳ ನೆಟ್ಟದ್ದು ಯಾಕೆ, ನೀರು ಇಲ್ಲಿ ಸಿಹಿಯೋ ಉಪ್ಪೋ. "ಎರಡೂ," ಎಂದಳು ನಯನಾ. "ಈ ಹೊತ್ತಿಗೆ ಒಂಥರಾ, ಸಂಜೆಗೆ ಒಂಥರಾ."

ರೇಣುಕಾ ದೋಣಿಯ ನಟ್ಟನಡುವೆ ಕುಳಿತು, ಸೀಟಿನ ಹಲಗೆಯನ್ನು ಹಿಡಿದು, ನೀರನ್ನೇ ನೋಡುತ್ತಿದ್ದಳು. ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: "ನೀರ ಕಡಿಮಿ ಆಗಾಕತ್ತೇತಲ್ಲ? ಮ್ಯಾಲಿನ ಗೇಟ್ ಯಾರರ ಬಂದ್ ಮಾಡಿದ್ರೇನ?"

ನಯನಾ ಎಂಜಿನ್ ಹಿಡಿದುಕೊಂಡೇ ಬಗ್ಗಿ ಬಗ್ಗಿ ನಕ್ಕಳು. ನಾನು ನಗಲಿಲ್ಲ, ಯಾಕೆಂದರೆ ಅದೇ ಪ್ರಶ್ನೆ ನನ್ನ ಬಾಯಲ್ಲೂ ಇತ್ತು. ಕಾಲುವೆಯ ಊರಿನಲ್ಲಿ ನೀರು ಬರುವುದು ಯಾರೋ ಬಿಟ್ಟರೆ, ನಿಲ್ಲುವುದು ಯಾರೋ ನಿಲ್ಲಿಸಿದರೆ. ಯಾರೂ ಬಿಡದೆ ಬರುವ, ಯಾರೂ ನಿಲ್ಲಿಸದೆ ಹೋಗುವ ನೀರು ನಮಗೆ ಪುಸ್ತಕದಲ್ಲಿ ಮಾತ್ರ ಗೊತ್ತಿತ್ತು. ಉಬ್ಬರವಿಳಿತದ ಬಗ್ಗೆ ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದವಳು ನಾನು. ಆದರೂ ಗೇಟು ಹುಡುಕುತ್ತಿದ್ದೆ.

ಕುರ್ವೆ ಸಣ್ಣದು. ಭಾನುವಾರವಾದ್ದರಿಂದ ಶಾಲೆಗೆ ಬೀಗ ಹಾಕಿತ್ತು. ಹೆಂಚಿನ ಎರಡು ಕೋಣೆ, ಗೋಡೆಗೆ ಮಕ್ಕಳ ಕೈ ಎಟುಕುವಷ್ಟು ಎತ್ತರದವರೆಗೆ ಅವರ ಕೈ ಅಚ್ಚುಗಳು. ರೇಣುಕಾ ಕಿಟಕಿಯ ಸರಳು ಹಿಡಿದು ಒಳಗೆ ನೋಡಿದಳು. ಹತ್ತಿರದ ಅಂಗಳದಲ್ಲಿ ಚಾಪೆಯ ಮೇಲೆ ಮೀನು ಒಣಗಹಾಕುತ್ತಿದ್ದ ಒಬ್ಬ ಅಜ್ಜಿ ಎದ್ದು ಬಂದಳು. ಬಸ್ಸಿನಲ್ಲಿ ನನ್ನ ಮೂಗಿಗೆ ಬಂದದ್ದು ಆ ಚಾಪೆ.

"ಹೊಸಾ ಅಕ್ಕೋರು ಯಾರು ನಿಮ್ಮಲ್ಲಿ?"

ನಾವು ಮೂವರೂ ರೇಣುಕಾಳ ಕಡೆ ನೋಡಿದೆವು. "ಇನ್ನೂ ಗೊತ್ತಿಲ್ರಿ," ಎಂದಳು ಅವಳು.

"ಹಿಂದಿನೋರೂ ಹಂಗೇ ಹೇಳಿದ್ರು. ಮಳೆಗಾಲ ಬಂದದ್ದೇ ಹೋದ್ರು." ಅಜ್ಜಿಯ ಮಾತಿನಲ್ಲಿ ದೂರು ಇರಲಿಲ್ಲ. ಹವಾಮಾನದ ಸುದ್ದಿ ಹೇಳಿದ ಹಾಗೆ ಹೇಳಿ ಮತ್ತೆ ಮೀನಿನ ಕಡೆ ಹೋದಳು. ರೇಣುಕಾಳ ಮುಖ ನೋಡಿ ನಾನು ಮನಸ್ಸಿನಲ್ಲೇ ಅವಳ ಅಣ್ಣ ಗೆದ್ದನೆಂದುಕೊಂಡೆ.

ವಾಪಸು ಬರುವಾಗ ನಯನಾ ಕಾಂಡ್ಲಾ ಗಿಡಗಳ ನಡುವಿನ ಸಣ್ಣ ದಾರಿ ಹಿಡಿದಳು. ಅಗಲ ದಾರಿಯಲ್ಲಿ ಹೋದರೆ ಗಾಳಿಗೆ ದೋಣಿ ಕುಣಿಯುತ್ತದೆ, ರೇಣುಕಾ ಹೆದರುತ್ತಾಳೆ ಎಂಬ ಅಂತಃಕರಣ ಅವಳದು. ಆ ಅಂತಃಕರಣವೇ ಕೈಕೊಟ್ಟಿತು. ದೋಣಿಯ ತಳ ಏನಕ್ಕೋ ಉಜ್ಜಿತು, ಎಂಜಿನ್ ಕಿರುಚಿತು, ಎಲ್ಲ ನಿಂತುಹೋಯಿತು. ನಯನಾ ಎಂಜಿನ್ ಎತ್ತಿ ನೋಡಿದಳು. ನೀರೊಳಗೆ ತಿರುಗುವ ಫ್ಯಾನಿನ ಒಂದು ರೆಕ್ಕೆ ಬಾಗಿತ್ತು. ಸುತ್ತಲೂ ನೀರು ನೋಡನೋಡುತ್ತಿದ್ದಂತೆ ಹಿಂದೆ ಸರಿಯುತ್ತಿತ್ತು. ಅದು ಬಿಟ್ಟುಹೋದಲ್ಲೆಲ್ಲ ಹೊಳೆಯುವ ಕಪ್ಪು ಕೆಸರು.

ಇಲ್ಲಿ ರೇಣುಕಾ ಮಾಡಿದ ಕೆಲಸವನ್ನು ಎರೆನೆಲದವರು ಮಾತ್ರ ಮಾಡಿಯಾರು. ನಮ್ಮಲ್ಲಿ ಮಳೆಗಾಲದಲ್ಲಿ ಗಾಡಿಯೋ ಟ್ರ್ಯಾಕ್ಟರೋ ಎರೆಯಲ್ಲಿ ಹುಗಿದರೆ ಮೇಲೆ ಕುಳಿತವರು ಒಂದು ಕ್ಷಣವೂ ಕೂರುವುದಿಲ್ಲ. ಭಾರ ಇಳಿಯಬೇಕು, ಹಿಂದಿನಿಂದ ಹೆಗಲು ಕೊಡಬೇಕು. ಮುದುಕರು, ಬಸುರಿಯರು ಬಿಟ್ಟು ಉಳಿದವರೆಲ್ಲ ಇಳಿಯುತ್ತಾರೆ. ಅದು ಯೋಚನೆಯಲ್ಲ, ಕಾಲಿನ ಅಭ್ಯಾಸ. ಅಲ್ಲಿಯವರೆಗೆ ಹಲಗೆ ಬಿಡದಿದ್ದ ರೇಣುಕಾ ಸೀರೆ ಎತ್ತಿ ಕಟ್ಟಿ, "ನನ್ನ ಭಾರಕ್ಕ ಹುಗೀತೇನೋ, ತಪ್ಪಾತು, ದೂಕೂಣು ಬರ್ರಿ," ಎಂದು ಅಂಚು ದಾಟಿ ಇಳಿದೇಬಿಟ್ಟಳು.

ಅವಳು ಇಳಿದಳು, ಮತ್ತೆ ಇಳಿದಳು, ಇನ್ನೂ ಇಳಿದಳು. ಮೊಣಕಾಲು ಹೋಯಿತು, ತೊಡೆ ಹೋಯಿತು. ನಮ್ಮ ಎರೆಮಣ್ಣು ಕಾಲನ್ನು ಹಿಡಿಯುತ್ತದೆ. ಈ ಕೆಸರು ಒಳಗೆ ಕರೆಯುತ್ತದೆ. "ಅಲ್ಲಾಡ್ಬೇಡ!" ಎಂದು ನಯನಾ ಕೂಗಿ ಅವಳ ಒಂದು ರಟ್ಟೆ ಹಿಡಿದಳು, ನಾನು ಇನ್ನೊಂದು. ಶೈಲಾ ನಮ್ಮಿಬ್ಬರ ಸೊಂಟ ಹಿಡಿದಳು. ಮೂವರೂ ಜಗ್ಗಿದ ಮೇಲೆ ದೊಡ್ಡದೊಂದು ಸದ್ದಿನೊಂದಿಗೆ ರೇಣುಕಾ ಹೊರಬಂದು ದೋಣಿಯೊಳಗೆ ನನ್ನ ಮೇಲೆ ಬಿದ್ದಳು.

"ನೀರಿಗೆ ಅಂಜತಿ, ರಾಡಿಗೆ ಅಂಜೂದಿಲ್ಲೇನಲೇ?" ಎಂದಳು ಶೈಲಾ ಏದುಸಿರು ಬಿಡುತ್ತ.

"ರಾಡಿ ನಮ್ಮದ ಅನಿಸಿತು," ಎಂದಳು ರೇಣುಕಾ.

ನಗು ನಿಂತ ಮೇಲೆ ನಾನು ಮುಂದಿನ ಉಪಾಯವೇನೆಂದು ಕೇಳಿದೆ.

"ಎಂತದೂ ಇಲ್ಲ," ಎಂದಳು ನಯನಾ. "ಕೂತ್ಕಳಿ. ನೀರು ಬರ್ತದೆ."

"ಯಾವಾಗ?"

"ಬರೋವಾಗ."

ಕೈಯೆಲ್ಲ ಕೆಸರಾಗಿದ್ದರಿಂದ ಅವಳು ಒಂದು ಬೆರಳ ತುದಿಯಿಂದ ಸ್ಪೀಕರ್ ಒತ್ತಿ, ಫೋನನ್ನು ಹಲಗೆಯ ಮೇಲಿಟ್ಟು, ತಡವಾಗುತ್ತದೆಂದು ಮನೆಗೆ ತಿಳಿಸಿದಳು. ನಾನು ಆ ಹೊತ್ತಿಗೆ ಅತ್ತ ಕಡೆ ತಿರುಗಿದ್ದೆ. ಕೆಸರಿನ ಮೇಲೆ ಸಾವಿರಾರು ಸಣ್ಣ ತೂತುಗಳು ತೆರೆದುಕೊಳ್ಳುತ್ತಿದ್ದವು, ಒಂದೊಂದರಿಂದ ಒಂದೊಂದು ಏಡಿ ಹೊರಗೆ ಬಂದು, ಒಂದೇ ಒಂದು ದೊಡ್ಡ ಕೈ ಎತ್ತಿ, ಯಾರನ್ನೋ ಕರೆಯುವ ಹಾಗೆ ಬೀಸಿ ಒಳಗೆ ಹೋಗುತ್ತಿತ್ತು. ದೂರದಲ್ಲಿ ಹೆಂಗಸರು ಸಾಲಾಗಿ ಬಗ್ಗಿ ಕೆಸರೊಳಗಿನ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಅವರ ಕಾಲು ಯಾಕೆ ಹುಗಿಯುವುದಿಲ್ಲ ಎಂದು ಯೋಚಿಸುತ್ತಿದ್ದೆ. ಗಟ್ಟಿ ನೆಲದ ದಾರಿ ಅವರಿಗೆ ಗೊತ್ತಿತ್ತು, ಅಷ್ಟೇ. ಎರಡು ತಾಸಿಗಿಂತ ಹೆಚ್ಚು ಹೊತ್ತು ನಾವು ಹಾಗೆ ಕುಳಿತೆವು. ಮನೆಯಿಂದ ತಂದ ಜೋಳದ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಶೈಲಾ ನಿದ್ದೆ ಮಾಡಿದಳು. ರೇಣುಕಾ ಒಣಗಿದ ಕೆಸರನ್ನು ಕಾಲಿನಿಂದ ಹಪ್ಪಳದಂತೆ ಕೀಳುತ್ತ ಸುಮ್ಮನೆ ಕುಳಿತಿದ್ದಳು. ನಾನು ಏಡಿ ನೋಡಿದೆ.

ಕೊನೆಗೆ ಒಂದು ಎಳೆಯಷ್ಟು ನೀರು ತೂತುಗಳ ನಡುವೆ ದಾರಿ ಹುಡುಕುತ್ತ ಬಂತು. ಸದ್ದಿಲ್ಲ, ಅವಸರವಿಲ್ಲ. ಅದು ದೋಣಿಯನ್ನು ಎತ್ತಿದ್ದು ಯಾವ ಕ್ಷಣದಲ್ಲಿ ಎಂದು ಗಮನವಿಟ್ಟು ನೋಡಿದರೂ ನನಗೆ ಸಿಗಲಿಲ್ಲ. ಒಮ್ಮೆ ನೆಲದ ಮೇಲಿದ್ದೆವು, ಒಮ್ಮೆ ಇರಲಿಲ್ಲ. ನಯನಾ ಬಾಗಿದ ಫ್ಯಾನಿನ ಎಂಜಿನ್ ಮುಟ್ಟದೆ ಉದ್ದದ ಗಳ ಊರುತ್ತ, ಏರುವ ನೀರಿನ ಜೊತೆಯೇ ದೋಣಿಯನ್ನು ಮನೆಯ ಮೆಟ್ಟಿಲಿಗೆ ತಂದಳು. ಕೊನೆಯ ಮೆಟ್ಟಿಲು ಆಗಲೇ ನೀರೊಳಗಿತ್ತು. ಚಪ್ಪಲಿಗಳು ಇರಲಿಲ್ಲ.

ಮರುದಿನ ನಯನಾಳ ತಾಯಿ ಕೊಟ್ಟ ಹಳೆಯ ಚಪ್ಪಲಿ ಮೆಟ್ಟಿಕೊಂಡು, ಒಂದೂ ಅಳತೆಗೆ ಸರಿಯಿಲ್ಲದೆ, ನಾವು ಹುಬ್ಬಳ್ಳಿಗೆ ಬಂದು ಇಳಿದೆವು. ದಾರಿಯಲ್ಲಿ ರೇಣುಕಾ ಕುರ್ವೆಯ ಮಾತನ್ನೇ ಎತ್ತಿರಲಿಲ್ಲ. ಸ್ಟ್ಯಾಂಡಿನಲ್ಲಿ ಅವಳ ಅಣ್ಣ ನಿಂತಿದ್ದ.

"ಏನಾತು? ಅಂಜಿದಿ ಹೌದಿಲ್ಲೋ?"

"ಅಂಜಿದೆ," ಎಂದಳು ರೇಣುಕಾ. "ಬುಧವಾರ ಹೋಗಿ ಹಾಜರಾಗ್ತೀನಿ."

ಅಣ್ಣನ ಬಾಯಿ ತೆರೆದದ್ದು ಹಾಗೇ ಉಳಿಯಿತು. ನಮ್ಮದೂ.

ಅವಳು ಹೋದಳು. ಮಳೆಗಾಲ ಬಂತು, ಅವಳು ಅಲ್ಲೇ ಇದ್ದಳು. ಇನ್ನೊಂದು ಮಳೆಗಾಲ ಬಂತು. ನನಗೆ ಈ ನಡುವೆ ಕಾಲೇಜಿನಲ್ಲಿ ಕೆಲಸವಾಯಿತು. ರೇಣುಕಾ ಯಾಕೆ ಒಪ್ಪಿದಳು ಎಂಬುದಕ್ಕೆ ನಾನು ನನ್ನದೇ ಉತ್ತರಗಳನ್ನು ಕಟ್ಟಿಕೊಂಡೆ. ಒಮ್ಮೆ ಅದು ಶಾಲೆಯ ಗೋಡೆಯ ಮೇಲಿನ ಕೈ ಅಚ್ಚುಗಳು ಎಂದುಕೊಂಡೆ. ಆಮೇಲೆ ಅಜ್ಜಿಯ ಮಾತು ಅವಳನ್ನು ಕೆಣಕಿತೆಂದೆ. ಬಹಳ ವರ್ಷ ನಾನು ಮೆಚ್ಚಿಕೊಂಡಿದ್ದ ಉತ್ತರವೆಂದರೆ ಕೆಸರಿನದು: ತೊಡೆಯವರೆಗೆ ಮುಳುಗಿ ಎದ್ದವಳಿಗೆ ಅಂಜಿಕೆ ಹೊರಟುಹೋಯಿತು. ಎಷ್ಟು ಚೆನ್ನಾಗಿದೆ ನೋಡಿ. ಇದನ್ನು ಎರಡು ಮೂರು ಕಡೆ ಹೇಳಿ ಮೆಚ್ಚುಗೆಯನ್ನೂ ಪಡೆದಿದ್ದೇನೆ. ಅವಳನ್ನೇ ಕೇಳುವುದು ಮಾತ್ರ ಹೊಳೆಯಲಿಲ್ಲ, ಹೊಳೆದರೂ ಬಾಯಿ ಬರಲಿಲ್ಲ.

ಈ ಬೇಸಿಗೆ ರಜೆಯಲ್ಲಿ ರೇಣುಕಾ ನಮ್ಮ ಮನೆಗೆ ಬಂದಿದ್ದಳು. ವರ್ಗಾವಣೆಗೆ ಈಗ ಅವಳಿಗೆ ಹಕ್ಕಿದೆ, ಅಣ್ಣಿಗೇರಿಯ ಹತ್ತಿರವೇ ಜಾಗ ಖಾಲಿ ಇದೆ. ಅವಳು ಕೇಳಿಕೊಂಡಿಲ್ಲವಂತೆ. ಅಣ್ಣ ಸಿಟ್ಟಾಗಿದ್ದಾನಂತೆ. ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ಕುಳಿತಿದ್ದೆವು. ನಾನು ತಲೆ ಎತ್ತದೆ ಕೇಳಿಯೇಬಿಟ್ಟೆ.

"ಆವತ್ತ ಯಾಕ ಹೂಂ ಅಂದಿ? ರಾಡಿಯಾಗ ಹುಗದ ಮ್ಯಾಲ ಅಂಜಿಕಿ ಹೋತಂತ ನಾ ತಿಳ್ಕೊಂಡೀನಿ."

"ಎಲ್ಲೀ ಅಂಜಿಕಿ ಹೋಗೂದು? ಈಗೂ ದೋಣಿ ಹತ್ತೂವಾಗ ಕಣ್ಣ ಮುಚ್ಚತೀನಿ." ಅವಳು ಒಂದು ಕಾಯಿ ಒಡೆದಳು. "ನಯನಾ ಅವರಪ್ಪಗ ಫೋನ್ ಮಾಡಿದ್ಲು ನೋಡು. ಕೇಳಿಲ್ಲೇನ ನೀ?"

"ಇಲ್ಲ. ನಾ ಏಡಿ ನೋಡಾಕತ್ತಿದ್ದೆ."

"ನೀ ಬರೇ ಏಡಿ ನೋಡು." ನಕ್ಕಳು. "ಅಕಿ ಅಂದ್ಲು, ಅಪ್ಪಾ, ದೋಣಿ ನೆಲಾ ಹಿಡೀತು, ಫ್ಯಾನ್ ಬಾಗೇತಿ ಅಂತ. ಹೊಸಾ ಬಣ್ಣಾ ಹಚ್ಚಿದ ದೋಣಿ. ನಾ ಉಸರ ಹಿಡಕೊಂಡ ಕುಂತಿದ್ದೆ. ಈಗ ಬೈತಾರ, ಈಗ ಬೈತಾರ ಅಂತ. ಅವರು ಏನಂದ್ರ ಗೊತ್ತೈತೇನ? ಹೌದಾ, ಊಟ ಆಯ್ತಾ ನಿಮ್ದು ಅಂದ್ರು. ಫೋನ್ ಇಟ್ರು."

"ಅಷ್ಟ?"

"ನಿನಗ ಅಷ್ಟ ಅನಸ್ತೈತಿ." ಅವಳು ಸಿಪ್ಪೆಗಳನ್ನು ಒಂದು ಕಡೆ ಸರಿಸಿದಳು. "ನಮ್ಮನ್ಯಾಗ ಒಂದ ತಂಬಿಗಿ ಉಳ್ಳಿದ್ರ ಮೂರ ದಿನಾ ಸುದ್ದಿ. ಅಲ್ಲಿ ಇಟ್ಟಾಕಿ ಯಾರು, ಬಾಜೂ ನಿಂತಾಕಿ ಯಾರು, ಕಂಡೂ ಸುಮ್ನಿದ್ದಾಕಿ ಯಾರು. ಅದಕ್ಕ ನಾ ಮೊದಲ ತಪ್ಪಾತು ಅಂದಬಿಡತಿದ್ದೆ, ಜಲ್ದಿ ಮುಗೀಲಿ ಅಂತ. ಬೈಯೂ ಮಂದಿ ಕೆಟ್ಟವರಲ್ಲ ಮತ್ತ, ನಮ್ಮಣ್ಣ ನನಗ ಜೀವಾ ಕೊಡತಾನ. ಆದ್ರ ಫ್ಯಾನ್ ಬಾಗಿದ್ದಕ್ಕ ಊಟ ಆತೇನು ಅಂತ ಕೇಳೂ ಮಂದಿ ಇರ್ತಾರಂತ ನನಗ ಗೊತ್ತಿರಲಿಲ್ಲ. ಎರಡ ತಾಸ ಅದನ್ನ ವಿಚಾರ ಮಾಡ್ಕೊಂತ ಕುಂತೆ. ನೀರಿನ ಅಂಜಿಕಿ ಬ್ಯಾರೆ. ಈ ಅಂಜಿಕಿ ಬ್ಯಾರೆ. ಎರಡರಾಗ ಒಂದ ಹೊರೂಣು ಅನಿಸಿತು."

ನಾನು ಕೈಯಲ್ಲಿದ್ದ ಕಾಯಿ ಸುಲಿದೆ. ಆಮೇಲೆ, ಉಪನ್ಯಾಸಕಿಯ ಚಟ, ಒಂದು ಆಕ್ಷೇಪ ಎತ್ತಿದೆ. "ಒಬ್ಬರ ಮಾತಿನ ಮ್ಯಾಲ ಇಡೀ ಊರು ನಂಬಿದೇನ?"

"ಊರಾಗ ಬೈಯೋರು ಬೇಕಾದಷ್ಟು ಅದಾರವಾ! ಹೋದಮ್ಯಾಲ ಗೊತ್ತಾತು. ನಯನಾನ ಅವ್ವನ ಸಾಕಲ್ಲ, ಚಪ್ಪಲಿ ನೀರಪಾಲ ಮಾಡಿದ್ದಕ್ಕ ಈಗೂ ಅಂತಾಳ." ಅವಳು ಜೋರಾಗಿ ನಕ್ಕಳು. "ಆದ್ರ ಅಷ್ಟೊತ್ತಿಗೆ ಸಹಿ ಹಾಕಿ ಆಗಿತ್ತು."

ಆ ಮಧ್ಯಾಹ್ನದ ಹಕ್ಕಿ, ಗಿಡ, ಏಡಿ ಎಲ್ಲವನ್ನೂ ನಾನು ನೋಡಿದ್ದೆ. ಇಡೀ ದಿನ ಯಾವುದರ ಮೇಲೆ ನಿಂತಿತ್ತೋ ಅದು ನನ್ನ ಬೆನ್ನ ಹಿಂದೆ, ಒಂದು ಕೈಯಳತೆಯಲ್ಲಿ, ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ ನಡೆದುಹೋಗಿತ್ತು.

ಮೊನ್ನೆ ಬಸ್ಸು ನವಲಗುಂದ ಮುಟ್ಟಿದಾಗ ದೀಪ ಹತ್ತಿದ್ದವು. ನಮ್ಮೂರಿಗೆ ಇನ್ನೊಂದು ಗಾಡಿ ಹಿಡಿದು ಮನೆ ಸೇರುವಷ್ಟರಲ್ಲಿ ಮತ್ತಷ್ಟು ತಡ. ಅಪ್ಪ ಅಂಗಳದಲ್ಲೇ ನಿಂತಿದ್ದರು. ನಮ್ಮಪ್ಪನ ದನಿ ದೊಡ್ಡದು, ಎರಡು ಹೊಲ ದಾಟಿ ಆಳನ್ನು ಕರೆದು ರೂಢಿಯಾದದ್ದು.

"ಇದು ಬರೂ ಹೊತ್ತೇನ? ಫೋನ್ ಯಾಕ ಎತ್ತಲಿಲ್ಲ? ಅದನ್ನ ಚೀಲದಾಗ ಹಾಕ್ಕೊಂಡ ತಿರಗಾಕ ಕೊಡಿಸೀನೇನ?"

ಇಂಥ ಹೊತ್ತಿನಲ್ಲಿ ನಾನು ಕಾರಣಗಳನ್ನು ಕ್ರಮವಾಗಿ ಹೇಳುವವಳು. ಬಸ್ಸು ನಿಂತದ್ದು ಎಲ್ಲಿ, ಎಷ್ಟು ಹೊತ್ತು, ತಪ್ಪು ಯಾರದು. ದಾರಿಯಲ್ಲೇ ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿರುತ್ತೇನೆ. ಆವತ್ತೂ ಜೋಡಿಸಿಟ್ಟಿದ್ದೆ. ಬಾಯಿಂದ ಹೊರಬಂದದ್ದು ಬೇರೆ.

"ಅಪ್ಪಾ, ಊಟ ಆತೇನು ನಿಮ್ಮದು?"

"ಏನಂದಿ?"

"ಊಟ ಆತೇನು ಅಂದೆ."

ಅಪ್ಪ ನನ್ನನ್ನು ನೋಡಿದರು. ಮುಂದಿನ ಮಾತಿಗೆಂದು ಎಳೆದುಕೊಂಡಿದ್ದ ಉಸಿರನ್ನು ಎಲ್ಲಿ ಬಿಡಬೇಕೆಂದು ಅವರಿಗೆ ತಿಳಿದಂತೆ ಕಾಣಲಿಲ್ಲ. "ಎಲ್ಲೀದು?" ಎಂದರು ಕೊನೆಗೆ, ಸಾಮಾನ್ಯ ಮನುಷ್ಯರ ದನಿಯಲ್ಲಿ. ಒಳಗಿನಿಂದ ಅವ್ವ, "ಊರ ಅಗಸಿಮಟಾ ಹೋಗೂದು ಬರೂದು ನಡದೈತಿ ಸಂಜಿಯಿಂದ, ಊಟ ಎಲ್ಲಿ ಮಾಡ್ತಾರ ಅವರು," ಎಂದಳು.

ನಾನು ಕೈಕಾಲು ತೊಳೆದು ಬಂದೆ. ಅವ್ವ ಎರಡು ತಾಟು ಇಟ್ಟಳು. ಅಪ್ಪ ನನ್ನೆದುರು ಕುಳಿತು, ರೊಟ್ಟಿ ಮುರಿದು, ಪಲ್ಯದಲ್ಲಿ ಒತ್ತಿ, ಬಾಯಿಗೆ ಒಯ್ಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದರು. ಆಮೇಲೆ ತಲೆ ಎತ್ತಿ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದರು:

"ಏ ಖರೇನ, ಬಸ್ಸಿಗೆ ಏನಾಗಿತ್ತವಾ?"